ಕಾಕುವಿನ ಎರಡು ಹೊನ್ನೆ

ಕಾಕುವಿನ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳ ಹಾಗಿರಲಿಲ್ಲ. ದಪ್ಪಗೆ, ತುದಿಯಲ್ಲಿ ಸ್ವಲ್ಪ ಬಾಗಿ, ಹುಣಸೆ ಬೀಜದ ಬಣ್ಣಕ್ಕೆ ತಿರುಗಿತ್ತು. ಎಲ್ಲಿ ಯಾವ ಮರ ಕಂಡರೂ ಆ ಉಗುರಿನಿಂದ ತೊಗಟೆಯನ್ನು ಒಂಚೂರು ಕೆರೆದು ಮೂಗಿಗೆ ಹಿಡಿಯುತ್ತಿದ್ದರು. ರಾಯಬಾಗದ ಬಸ್ ಸ್ಟ್ಯಾಂಡಿನ ಹತ್ತಿರದ ಬೇವಿನ ಮರವನ್ನೂ ಬಿಟ್ಟವರಲ್ಲ. “ಬೇವು ಅಂತ ಗೊತ್ತೈತಲ್ರಿ ಕಾಕು, ಮತ್ಯಾಕ ಕೆರೀತೀರಿ?” ಎಂದರೆ, “ಮಾತಾಡ್ಸಿದೆ ಅಷ್ಟ” ಎನ್ನುತ್ತಿದ್ದರು.

ನಮ್ಮ ಮನೆಯ ಹಿಂದಿನ ಮನೆ ಅವರದು. ನಡುವೆ ಒಂದು ತಂತಿ ಬೇಲಿ, ಅದರಲ್ಲಿ ಒಬ್ಬರು ನುಸುಳುವಷ್ಟು ಜಾಗ. ಕಾಕು ಹುಟ್ಟಿದ್ದು ಅಂಕೋಲೆಯ ಕಡೆ, ಸಮುದ್ರ ದಂಡೆಯ ಹಳ್ಳಿಯಲ್ಲಿ. ತಂದೆ ದೋಣಿ ಕಟ್ಟುವ ಬಡಿಗ. ಯಾವ ಮರ ನೀರಲ್ಲಿ ಕೊಳೆಯುವುದಿಲ್ಲ, ಯಾವುದು ಬಾಗುತ್ತದೆ, ಯಾವುದಕ್ಕೆ ಗೆದ್ದಲು ಹತ್ತುತ್ತದೆ ಎಂಬುದೆಲ್ಲ ಅವರಿಗೆ ತಂದೆಯ ಹಿಂದೆ ಅಡ್ಡಾಡಿಯೇ ಬಂದ ವಿದ್ಯೆ. ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಕಡೆ ಬಂದರು. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ನಾನು ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಆ ಕಾಕಾ ತೀರಿಕೊಂಡಿದ್ದರು. ಕಾಕು ಮಾತ್ರ ಇಲ್ಲಿಯವರೇ ಆಗಿಬಿಟ್ಟಿದ್ದರು. ರೊಟ್ಟಿ ನನಗಿಂತ ತೆಳ್ಳಗೆ ಬಡಿಯುತ್ತಿದ್ದರು. ಸಿಟ್ಟು ಬಂದಾಗಲೋ ಗಾಬರಿಯಾದಾಗಲೋ ಮಾತಿನಲ್ಲಿ ಒಂದು “ಮಾರಾಯ್ತಿ” ಜಾರಿ ಬೀಳುತ್ತಿತ್ತು.

ಒಂದು ವಿಷಯಕ್ಕೆ ಮಾತ್ರ ಅವರು ಕೊನೆಯವರೆಗೂ ಇಲ್ಲಿಯವರಾಗಲಿಲ್ಲ. ನಮ್ಮ ಕಡೆ ಎಷ್ಟೇ ದೊಡ್ಡ ಮರವಿದ್ದರೂ ಅದನ್ನು ಗಿಡ ಎನ್ನುತ್ತೇವೆ. ಬನ್ನಿ ಗಿಡ, ಆಲದ ಗಿಡ, ಹುಣಸಿ ಗಿಡ. ಕಾಕುವಿಗೆ ಇದು ಸಹನೆಯಾಗುತ್ತಿರಲಿಲ್ಲ. “ತಂಗಿ, ಬದನೀಕಾಯಿದು ಗಿಡ. ಇದು ಮರ. ನಿಮ್ಮ ಮಾವನ್ನ ಯಾರಾದ್ರೂ ಕೂಸು ಅಂತ ಕರದ್ರ ಹೆಂಗಿರತೈತಿ?” ನನ್ನ ಮಾವ ಕಟ್ಟೆಯ ಮೇಲೆ ಕುಳಿತು ಇದನ್ನು ಕೇಳಿಸಿಕೊಂಡು ನಗುತ್ತಿದ್ದರು.

ಅವರ ಹಿತ್ತಲಲ್ಲಿ, ಬೇಲಿಗೆ ತಾಗಿ, ಒಂದು ದೊಡ್ಡ ಮರವಿದೆ. ಈ ಮನೆ ಕಟ್ಟಿದ ವರ್ಷ ಕಾಕು ತವರಿಗೆ ಹೋದಾಗ ಎಣ್ಣೆ ಡಬ್ಬಿಯಲ್ಲಿ ತಂದು ನೆಟ್ಟ ಸಸಿಯಂತೆ. ನೀರು ಬಚ್ಚಲದ್ದು. ಮೂವತ್ತು ವರ್ಷದಲ್ಲಿ ಎರಡು ಮನೆಗೂ ನೆರಳಾಗುವಷ್ಟು ಬೆಳೆದಿತ್ತು. ಎಲೆ ದಪ್ಪ, ಎಣ್ಣೆ ಸವರಿದ ಹಾಗೆ ಹೊಳಪು. ಬೆಳಕಿಗೆ ಹಿಡಿದರೆ ಬಾಚಣಿಕೆಯ ಹಲ್ಲಿನಂತೆ ಒತ್ತಾದ ಸಣ್ಣ ಗೆರೆಗಳು. ಹೂವು ಬಿಳಿ, ನಡುವೆ ಹಳದಿ. ಹೂ ಬಿಟ್ಟ ದಿನ ನಾನು ಹೊಲಿಗೆ ಮಷೀನನ್ನು ಹಿಂದಿನ ಪಡಸಾಲೆಗೆ ಎಳೆದುಕೊಂಡು ಬ್ಲೌಸು ಹೊಲಿಯುತ್ತಿದ್ದೆ. ಹೆಸರೇನು ಎಂದು ಯಾರು ಕೇಳಿದರೂ ಕಾಕು ಹೆಮ್ಮೆಯಿಂದ ಹೇಳುತ್ತಿದ್ದರು: “ಹೊನ್ನಿ. ನಮ್ಮ ಕಡಲ ದಂಡೀದು.”

ಈ ಮರದ ಹೆಸರಿನ ಗೊಂದಲ ನಮ್ಮ ಮನೆಯಲ್ಲಿ ಹಳೆಯದು. ನಿಪ್ಪಾಣಿಯಿಂದ ಬಂದಿದ್ದ ನನ್ನ ತಮ್ಮನ ಹೆಂಡತಿಗೆ ಮರಾಠಿಯೇ ಹೆಚ್ಚು ಬರುವುದು. ಅವಳಿಗೆ ತಿಳಿಯಲೆಂದು ಕಾಕು ಒಮ್ಮೆ “ಕೊಂಕಣದಾಗ ಇದಕ್ಕ ಉಂಡಿ ಅಂತಾರ” ಎಂದರು. ಆಗ ಆರು ವರ್ಷದವಳಾಗಿದ್ದ ನನ್ನ ಮಗಳಿಗೆ ಉಂಡಿ ಎಂದರೆ ಒಂದೇ: ಬೆಲ್ಲ ಹಾಕಿ ಕಟ್ಟುವ ಶೇಂಗಾ ಉಂಡಿ. ಎರಡು ದಿನ ಬಟ್ಟಲು ಹಿಡಿದು ಮರದ ಕೆಳಗೆ ಕಾದಳು. ಮೂರನೆಯ ದಿನ ನಿಜವಾಗಿಯೂ ದುಂಡಗಿನದೊಂದು ಬಿತ್ತು. ಕಚ್ಚಿದಳು. ಆ ಕಹಿಗೆ ಸಂಜೆಯವರೆಗೂ ಉಗುಳುತ್ತಿದ್ದಳು. ಕಾಕು ಮೊದಲು ಹೊಟ್ಟೆ ಹಿಡಿದು ನಕ್ಕರು, ಆಮೇಲೆ ಗಾಬರಿಯಿಂದ ಅವಳ ಬಾಯಿ ತೊಳೆದರು. ಮರುದಿನ ಬೆಳಿಗ್ಗೆ ನೋಡಿದರೆ ಕೆಳಗಿನ ಟೊಂಗೆಗೆ ಮಷೀನಿನ ದಾರದಿಂದ ಐದು ಶೇಂಗಾ ಉಂಡಿ ತೂಗುತ್ತಿದ್ದವು. ನನ್ನದೇ ದಾರ. ಯಾವಾಗ ತೆಗೆದುಕೊಂಡು ಹೋಗಿದ್ದರೋ ಗೊತ್ತಿಲ್ಲ.

ಈಗ ನಮ್ಮವರ ವಿಷಯಕ್ಕೆ ಬರುತ್ತೇನೆ. ನಮ್ಮವರದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತಿ ಕೊಡುವುದು. ಕಬ್ಬಿನ ಸೀಮೆಯಲ್ಲಿ ಈ ಕೆಲಸಕ್ಕೆ ಬಿಡುವೇ ಇಲ್ಲ. ಕಳೆದ ಕೆಲವು ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ. ಓಣಿಯವರು, “ಹೊಲದಾಗೂ ಸಕ್ಕರಿ, ಮೈಯಾಗೂ ಸಕ್ಕರಿ, ಇಳುವರಿ ಚಲೋ ಐತಿ” ಎಂದು ಚೇಷ್ಟೆ ಮಾಡುತ್ತಿದ್ದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಸಿಲಿಂಡರು ಬಂದ ದಿನ, ನೀರು ಬಿಟ್ಟ ದಿನ, ಯಾರ ಬ್ಲೌಸು ಯಾವತ್ತಿಗೆ ಎಂದು ಬರೆಯುವ ಚೌಕದಲ್ಲೇ ಅವರ ಸಕ್ಕರೆಯನ್ನೂ ಬರೆಯುತ್ತಿದ್ದೆ. ಮನೆಯಲ್ಲೇ ಬೆರಳು ಚುಚ್ಚಿ ನೋಡುವ ಯಂತ್ರವಿತ್ತು.

ಒಂದು ದಿನ ಅವರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿದರೆ ಸಕ್ಕರೆ ಇಳಿಯುತ್ತದೆ ಎಂದು ಯಾರೋ ಹೇಳುತ್ತಿದ್ದರು. “ಜನ ಎಲ್ಲೆಲ್ಲಿಂದಲೋ ತರಸ್ತಾರ. ನಮ್ಮ ಬೇಲ್ಯಾಗ ಐತಿ ನೋಡು” ಎಂದು ಅವರೇ ಎದ್ದು ಹೋಗಿ ಕಾಕುವನ್ನು ಕೇಳಿದರು. “ಕಾಕು, ಇದು ಹೊನ್ನೀನ ಹೌದಲ್ರಿ? ಔಷಧಕ್ಕ ಬೇಕಿತ್ತು.”

“ಹೌದಪ್ಪಾ, ತಗೋ. ಗಾಳಿಗೆ ಮುರದ ಟೊಂಗಿ ಬಿದ್ದೈತಿ ನೋಡು” ಎಂದರು ಕಾಕು.

ನಮ್ಮವರು ಔಷಧ ಎಂದದ್ದು ಹೊಟ್ಟೆಗೆ. ಕಾಕು ತಿಳಿದದ್ದು ಮೈಗೆ. ಅವರ ಊರಲ್ಲಿ ಈ ಮರದ ಬೀಜದ ಎಣ್ಣೆಯನ್ನು ದೀಪಕ್ಕೆ ಹಾಕುತ್ತಾರೆ, ದೋಣಿಯ ಸಂದಿಗೆ ಬಳಿಯುತ್ತಾರೆ, ಮಂಡಿ ನೋವಿಗೆ ತಿಕ್ಕುತ್ತಾರೆ. ಮೋಟಾರು ಎತ್ತಿ ಎತ್ತಿ ಇವನ ಸೊಂಟ ಹಿಡಿದಿರಬೇಕು, ಏನೋ ಕಾಯಿಸಿ ಕಟ್ಟಿಕೊಳ್ಳುತ್ತಾನೆ ಎಂದುಕೊಂಡರಂತೆ. ಬೇಲಿಯ ಈಚೆ ಬದಿಗೆ ನಾನೂ ನಿಂತಿದ್ದೆ. ಇಬ್ಬರೂ ಒಂದೇ ಮಾತಾಡುತ್ತಿದ್ದಾರೆ ಎಂದೇ ತಿಳಿದೆ.

ಬಡಿಗನಿಗೆ ಲೋಟ ಕೊರೆಯಲಾಗಲಿಲ್ಲ, ಕಟ್ಟಿಗೆ ಸೀಳು ಬಿಟ್ಟಿತು. ಅದಕ್ಕೇ ಚಕ್ಕೆ ಮಾಡಿಸಿ ಸ್ಟೀಲಿನ ಲೋಟದಲ್ಲಿ ನೆನೆ ಇಟ್ಟರು. ಬೆಳಿಗ್ಗೆ ನೀರು ಕಂದು. ಕುಡಿದರು. ಮೊದಲ ವಾರ ನನ್ನ ಕ್ಯಾಲೆಂಡರಿನಲ್ಲಿ ಅಂಕಿ ಇಳಿಯಿತು. ಖುಷಿಗೆ ಗುಳಿಗೆಯನ್ನು ಅರ್ಧ ಮಾಡಿದರು. ಮುಂದಿನ ವಾರ ಒಂದು ದಿನ ಇಳಿದರೆ ಮೂರು ದಿನ ಏರಿತು. “ಯಂತ್ರ ಕೆಟ್ಟೈತಿ” ಎಂದು ಗುಳಿಗೆಯನ್ನೇ ಬಿಟ್ಟರು. ನನಗೆ ಏನೂ ತಿಳಿಯದಾಯಿತು. ಇಳಿದ ದಿನ ಅವರು ಹೊಲದ ಮೋಟಾರು ಬಿಚ್ಚಲು ಎರಡು ಮೈಲಿ ನಡೆದಿದ್ದರು, ಏರಿದ ದಿನ ಯಾರದೋ ಮನೆಯ ಮಾವಿನ ಹಣ್ಣಿನ ಸೀಕರಣೆ ತಿಂದಿದ್ದರು. ಯಾವುದರ ಗುಣ, ಯಾವುದರ ದೋಷ? ಚಿಕ್ಕೋಡಿಯ ಡಾಕ್ಟರನ್ನು ನಾನೊಬ್ಬಳೇ ಹೋಗಿ ಕೇಳಿದೆ. “ಯಾವ ಕಟ್ಟಿಗೀನೂ ಬ್ಯಾಡ್ರಿ, ಗುಳಿಗಿ ನುಂಗಾಕ ಹೇಳ್ರಿ” ಎಂದರು. ಮನೆಗೆ ಬಂದು ಹೇಳಿದರೆ, “ಅವ ಮತ್ತೇನ ಹೇಳ್ತಾನ?” ಎಂದರು ನಮ್ಮವರು.

ಅದೇ ದಿನಗಳಲ್ಲಿ ಅಥಣಿಯಿಂದ ತಂದ ಹೊಸ ಚಪ್ಪಲಿ ಅವರ ಎಡಗಾಲಿನ ಹೆಬ್ಬೆರಳ ಪಕ್ಕದ ಬೆರಳನ್ನು ಕಚ್ಚಿತು. ಸಣ್ಣ ಬೊಬ್ಬೆ. ಒಡೆಯಿತು. ಒಣಗಲಿಲ್ಲ. ಅದನ್ನೂ ನಾನು ದಿನಾ ಬರೆದೆ: ಹಸಿ, ಹಸಿ, ಸ್ವಲ್ಪ ಒಣ, ಹಸಿ.

ಒಂದು ಮುಂಜಾನೆ ಕಾಕು ಹೆಪ್ಪಿಗೆ ಮೊಸರು ಕೇಳಲು ಬೇಲಿ ನುಸುಳಿ ನಮ್ಮ ಅಡುಗೆಮನೆಗೆ ಬಂದರು. ಕಟ್ಟೆಯ ಮೇಲಿನ ಲೋಟ ನೋಡಿದರು. ಒಳಗಿನ ಚಕ್ಕೆ ತೆಗೆದು ಮೂಸಿದರು.

“ಇದನ್ನ ಯಾಕ ನೆನಿ ಹಾಕೀಯೇ?”

“ಅವರು ಕುಡೀತಾರ್ರಿ. ಸಕ್ಕರಿಗೆ.”

ಕಾಕು ಲೋಟವನ್ನು ಮೋರಿಗೆ ಸುರಿದರು. “ಇದು ಆ ಹೊನ್ನಿ ಅಲ್ಲ ಮಾರಾಯ್ತಿ! ಆ ಹೊನ್ನಿ ಬ್ಯಾರೆ. ಅದು ಘಟ್ಟದ್ದು, ಗಾಯ ಮಾಡಿದ್ರ ಕೆಂಪಗ ರಕ್ತ ಸುರಸತೈತಿ. ಇದು ಕಡಲಿಂದು, ಇದರದ್ದು ಹಾಲು. ಹೆಸರು ಒಂದ, ಮರ ಎರಡು. ಇದನ್ನ ಹೊಟ್ಟಿಗೆ ಹಾಕಬಾರದು!”

ನಮ್ಮವರು ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದರು. “ಮೂವತ್ತ ವರ್ಷ ಹೊನ್ನಿ ಅಂದ್ರಿ. ಮೊನ್ನೆ ನಾ ಕೇಳಿದಾಗ ಹೌದಪ್ಪಾ ಅಂದ್ರಿ. ಇವತ್ತ ಅಲ್ಲ ಅಂತೀರಿ. ರಾತ್ರ್ಯಾಗ ಗಿಡ ಬದಲಾತೇನ್ರಿ?”

“ಹೊನ್ನೀನ ಹೌದಪ್ಪಾ. ಆದ್ರ ಆ ಹೊನ್ನಿ ಅಲ್ಲ.”

“ಅಂದ್ರ ಹೌದೋ, ಅಲ್ಲೋ?”

ಕಾಕುವಿಗೆ ಹೌದು ಎಂದರೂ ಸುಳ್ಳು, ಅಲ್ಲ ಎಂದರೂ ಸುಳ್ಳು.

ಇಷ್ಟರಲ್ಲಿ ನಮ್ಮವರ ಮಾತು ಕೇಳಿ ಓಣಿಯ ನಾಲ್ಕಾರು ಜನ ಚಕ್ಕೆ ಒಯ್ಯಲು ಶುರು ಮಾಡಿದ್ದರು. ಒಬ್ಬರು ಬುಡದ ತೊಗಟೆಯನ್ನೇ ಕೆತ್ತಿದ್ದರು. ಕಾಕು ಮನೆಮನೆಗೆ ಹೋಗಿ ಕುಡಿಯಬೇಡಿರಿ ಎಂದು ಹೇಳಿಬಂದರು. ಕೆಲವರು ಬಿಟ್ಟರು. ನಮ್ಮವರು ಮಾತ್ರ, “ತಮ್ಮ ಗಿಡ ಬೋಳಾಗತೈತಿ ಅಂತ ಮುದುಕಿ ಹಿಂಗ ಹೇಳಾಕತ್ತಾಳ” ಎಂದರು, ಬೇಲಿಯಾಚೆ ಕೇಳುವ ಹಾಗೆ. ನನಗೆ ನಾಚಿಕೆಯಾಯಿತು. ಆದರೆ ನಿಜ ಹೇಳಬೇಕೆಂದರೆ, ಒಳಗೊಳಗೆ ನನಗೂ ಒಂದು ಕ್ಷಣ ಹಾಗೆಯೇ ಅನ್ನಿಸಿತು. ಇಷ್ಟು ವರ್ಷ ಒಮ್ಮೆಯೂ ಎರಡನೆಯ ಹೊನ್ನೆಯ ಸುದ್ದಿ ಕಾಕು ಎತ್ತಿರಲಿಲ್ಲವಲ್ಲ.

ಎರಡು ದಿನ ಕಾಕು ಬೇಲಿಯ ಹತ್ತಿರ ಬರಲಿಲ್ಲ. ಮೂರನೆಯ ದಿನ ಚೀಲ ಹಿಡಿದು ಬಂದು, “ನಡಿ ತಂಗಿ, ಊರಿಗೆ ಹೋಗಿ ಬರೋಣು. ಆ ಹೊನ್ನೀನ ಕಣ್ಣಿಗೆ ತೋರಸ್ದೆ ನಿನ್ನ ಗಂಡ ನಂಬಂಗಿಲ್ಲ” ಎಂದರು. ಎಪ್ಪತ್ತು ದಾಟಿದವರು, ಎರಡೂ ಮಂಡಿ ಸವೆದವರು. ಅಷ್ಟು ದೂರ ಯಾಕೆ ಎಂದೆ. “ಅವನ ಬೆರಳ ನೋಡಿದೆ” ಎಂದರು.

ಬೆಳಗಾವಿಯಲ್ಲೊಂದು, ಯಲ್ಲಾಪುರದಲ್ಲೊಂದು ಬಸ್ಸು ಬದಲಿಸಿ ಘಟ್ಟ ಇಳಿದೆವು. ನನ್ನ ಜನ್ಮದಲ್ಲಿ ಅಷ್ಟು ಮರ ಒಟ್ಟಿಗೆ ನೋಡಿದ್ದು ಅದೇ ಮೊದಲು. ಕಬ್ಬಿನ ಮೇಲಿಂದ ಮೂರು ಊರಾಚೆಯ ಗುಡಿ ಕಾಣುವ ಕಣ್ಣಿಗೆ ಅಲ್ಲಿ ಹತ್ತು ಮಾರು ಮುಂದಿನದು ಕಾಣಲಿಲ್ಲ. ಕಾಕು ಕಿಟಕಿಯಿಂದ ಬೆರಳು ತೋರಿಸುತ್ತ ಹೋದರು. ಮೊಸಳೆಯ ಬೆನ್ನಿನಂತೆ ತೊಗಟೆ ಒಡೆದದ್ದು ಮತ್ತಿ. ಒಂದೇ ಗಂಟಿನಿಂದ ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಏಳು ಎಲೆ ಹರಡಿದ್ದು ಹಾಲೆ. ದುಂಡು ಕಿತ್ತಳೆ ಹಣ್ಣು ಕಂಡು ಬಾಯಿ ಬಿಡಬೇಡ, ಅದು ಕಾಸರಕ, ವಿಷ. ಮರಳಿನ ಗುಂಟ ಸುಂಯ್ ಎನ್ನುವುದು ಗಾಳಿ ಮರ. ನಾನು ಹೂಂ ಹೂಂ ಎಂದೆ. ಬಸ್ಸಿಳಿದು ಕೇಳಿದಾಗ ಮತ್ತಿಗೆ ಹಾಲೆ ಎಂದೆ, ಹಾಲೆಗೆ ಹೊನ್ನೆ ಎಂದೆ. ಕಣ್ಣೆತ್ತಿದರೆ ಎಲ್ಲವೂ ಹಸಿರು, ಎಲ್ಲವೂ ಎತ್ತರ.

“ಮ್ಯಾಲ ನೋಡಬ್ಯಾಡ” ಎಂದರು ಕಾಕು. “ದೊಡ್ಡ ಮರದ ಮ್ಯಾಲ ಏನೂ ಕಾಣಂಗಿಲ್ಲ, ಕುತ್ತಿಗಿ ನೋಯತೈತಿ ಅಷ್ಟ. ಕೆಳಗ ನೋಡು. ಮರ ತನ್ನ ಹೆಸರನ್ನ ಕೆಳಗ ಚೆಲ್ಲಿರತೈತಿ.”

ಅವರ ಹಳ್ಳಿಯ ದಂಡೆಯಲ್ಲಿ ಸಾಲಾಗಿ ಇದ್ದವೆಂದು ಹೇಳುತ್ತಿದ್ದ ಕಡಲ ಹೊನ್ನೆಗಳಲ್ಲಿ ಎರಡೇ ಉಳಿದಿದ್ದವು. ಉಳಿದಲ್ಲಿ ರಸ್ತೆ. ಕಾಕು ಎರಡಕ್ಕೂ ಕೈ ಹಚ್ಚಿದರು. ಎಲೆ, ಕಾಯಿ, ಹೂವು, ಎಲ್ಲ ಕಾಕುವಿನ ಹಿತ್ತಲಿನ ಮರದ ಹಾಗೆಯೇ. ಇಷ್ಟಕ್ಕೆ ಅನುಮಾನವಿರಲಿಲ್ಲ. ಮರುದಿನ ಬೆಳಿಗ್ಗೆ ಅವರ ತಮ್ಮ, ಅವರೂ ಅರವತ್ತೈದರವರು, ಕತ್ತಿ ಹಿಡಿದು ನಮ್ಮನ್ನು ಮನೆಯ ಹಿಂದಿನ ಬೆಟ್ಟಕ್ಕೆ ಕರೆದೊಯ್ದರು. ಆ ಜಾಗ ಅವರದೇ.

“ನೀ ಸುಮ್ಮನಿರು, ನಾನೇ ಹುಡುಕತೇನೆ” ಎಂದು ಕಾಕು ತಮ್ಮನನ್ನು ತಡೆದರು. ಮಂಡಿಗೆ ಕೈ ಒತ್ತುತ್ತ ಏರಿದರು. ಒಂದು ದೊಡ್ಡ ಮರದ ಮುಂದೆ ನಿಂತು, “ಇದು ನೋಡು” ಎಂದು ಉಗುರಿನಿಂದ ಕೆರೆದರು. ಕೆಂಪು ಬರಲಿಲ್ಲ. ಇನ್ನೂ ಜೋರಾಗಿ ಕೆರೆದರು. ಇಲ್ಲ.

“ಅಕ್ಕಾ, ಅದು ಮತ್ತಿ ಅಲ್ದಾ? ನಿಂಗೆ ಎಂತಾ ಆಯ್ತೇ?” ಎಂದರು ತಮ್ಮ.

ಮುಂದಿನದಕ್ಕೆ ಹೋದರು. ಅದೂ ಅಲ್ಲ. ಮೂರನೆಯದರ ಹತ್ತಿರ ಕೈ ಎತ್ತಿದವರು ಕೆರೆಯಲಿಲ್ಲ, ಹಾಗೆಯೇ ಕೈ ಇಳಿಸಿ ಬೇರಿನ ಮೇಲೆ ಕುಳಿತುಬಿಟ್ಟರು. ಆ ಮುಖ ನಾನು ಅದುವರೆಗೆ ನೋಡಿರಲಿಲ್ಲ. “ಐವತ್ತು ವರ್ಷ ಬೇವು, ಜಾಲಿ ಕೆರದ ಕೆರದ ನನ್ನ ಮೂಗ ಸತ್ತೈತೇನು ತಂಗಿ?” ಎಂದರು. ಇವರಿಗೇ ಗೊತ್ತಿಲ್ಲದಿದ್ದರೆ? ಎರಡನೆಯ ಹೊನ್ನೆ ಎಂಬುದೇ ಇಲ್ಲದಿದ್ದರೆ? ನಾನು ಯಾರ ಮಾತು ಹಿಡಿದು ಗಂಡನ ಎದುರು ನಿಲ್ಲಬೇಕು?

ಅವರ ಮುಖ ನೋಡಲಾಗದೆ ನೆಲ ನೋಡಿದೆ. ಒಣ ಎಲೆಗಳ ನಡುವೆ ಹಪ್ಪಳದಂಥದ್ದು ಬಿದ್ದಿತ್ತು. ಅಂಗೈಗಿಂತ ಚಿಕ್ಕದು, ದುಂಡಗೆ, ತೆಳ್ಳಗೆ, ನಡುವೆ ಬೀಜದ ಒಂದು ಉಬ್ಬು. ಹಾಗೇ ಇನ್ನೊಂದು. ಇನ್ನೂ ನಾಲ್ಕು. “ಕಾಕು, ಇದೇನ್ರಿ?” ಎಂದು ಹಿಡಿದೆ.

ಕಾಕು ಅದನ್ನು ಕಿತ್ತುಕೊಂಡರು. ಎದ್ದರು. ಹಪ್ಪಳ ಬಿದ್ದ ದಾರಿ ಹಿಡಿದು ಎಂಟು ಹೆಜ್ಜೆ ನಡೆದು ಒಂದು ಮರಕ್ಕೆ ಬೆನ್ನು ಆನಿಸಿ ನಿಂತರು. “ಹಾಕೋ ಒಂದು” ಎಂದರು ತಮ್ಮನಿಗೆ. ಅವರು ಕತ್ತಿಯ ತುದಿಯಿಂದ ಸಣ್ಣದೊಂದು ಗೆರೆ ಎಳೆದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬೆರಳು ಕೊಯ್ದುಕೊಂಡಾಗ ಬರುವ ಹಾಗೆಯೇ, ಮೊದಲು ಒಂದು ಹನಿ, ಆಮೇಲೆ ಇನ್ನೊಂದು, ಕೆಂಪಗೆ.

ತಮ್ಮನ ಕೊಟ್ಟಿಗೆಯಲ್ಲಿ ಹಳೆಯ ಹೊನ್ನೆ ಕಂಬದ ತುಂಡೊಂದಿತ್ತು. ಅದನ್ನು, ಬೆಟ್ಟದ ಹೊನ್ನೆಯ ಎಲೆ ಮತ್ತು ಆ ಹಪ್ಪಳದಂಥ ಕಾಯಿಯ ಜೊತೆ, ಟವೆಲಿನಲ್ಲಿ ಸುತ್ತಿಕೊಂಡು ಬಂದೆವು.

ಮಾರನೆಯ ದಿನ ಬಿಸಿಲು ಬಿದ್ದ ಮೇಲೆ ಕಾಕು ನಮ್ಮ ಹಿತ್ತಲಿನ ಕಲ್ಲಿನ ಮೇಲೆ ಎರಡು ಗಾಜಿನ ಲೋಟ ಇಟ್ಟರು. ಹಿಂದೆ ನನ್ನದೊಂದು ಕಪ್ಪು ಬ್ಲೌಸ್ ಪೀಸು. ಒಂದರಲ್ಲಿ ಬೇಲಿಯ ಮರದ ಚಕ್ಕೆ ನೆನೆದ ನೀರು, ಇನ್ನೊಂದರಲ್ಲಿ ಕಂಬದ ಚಕ್ಕೆಯದು. ನಮ್ಮವರನ್ನು ಕರೆದರು. ಅವರು ಕುಂಟುತ್ತ ಬಂದರು. ಮೊದಲನೆಯದು ಕೊಳಕು ಕಂದು, ಅಷ್ಟೇ. ಎರಡನೆಯದರ ಅಂಚಿಗೆ ಬಿಸಿಲು ಬಿದ್ದಲ್ಲಿ ನವಿಲಿನ ಕುತ್ತಿಗೆಯ ನೀಲಿ ಹೊಳೆಯಿತು. ಕಾಕು ಎರಡೂ ಎಲೆ, ಎರಡೂ ಕಾಯಿ ಪಕ್ಕದಲ್ಲಿಟ್ಟರು. ನಮ್ಮವರು ಸುಟ್ಟ ಮೋಟಾರಿನ ಒಳಗೆ ಇಣುಕುವ ಹಾಗೆ ಬಾಗಿ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು.

“ಹಂಗಾರ ಈ ತುಂಡ ನನಗ ಕೊಡ್ರಿ.”

ನಾನು ತಲೆಗೆ ಕೈ ಹಚ್ಚಿಕೊಂಡೆ. ಕಾಕು ತುಂಡನ್ನು ಸೆರಗಿನೊಳಗೆ ಎಳೆದುಕೊಂಡರು.

“ಕೊಡಂಗಿಲ್ಲ. ಇದನ್ನ ಕುಡೀಲಿ ಅಂತ ತಂದಿಲ್ಲ, ಅದು ಅಲ್ಲ ಅಂತ ತೋರಸಾಕ ತಂದೀನಿ. ನನಗ ಮರ ಗೊತ್ತೈತಿ ಅಪ್ಪಾ, ಬ್ಯಾನಿ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಒಂದ ಸಲ ಹೌದು ಅಂದೀನಿ, ಇನ್ನೊಂದ ಸಲ ಅನ್ನಂಗಿಲ್ಲ. ಆಟೋ ಕರಸೀನಿ, ಹೊರಗ ನಿಂತೈತಿ. ಚಪ್ಪಲಿ ಬ್ಯಾಡ, ಹಂಗ ಬಾ.”

ಅವರು ಹೋದರು. ಯಾಕೆ ಎದುರಾಡಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಚಿಕ್ಕೋಡಿಯ ಡಾಕ್ಟರು ಬೆಳಗಾವಿಗೆ ಕಳಿಸಿದರು. ಒಂದು ಬೆರಳು ಹೋಯಿತು. ಇನ್ನು ಹದಿನೈದು ದಿನ ಬಿಟ್ಟು ಬಂದಿದ್ದರೆ ಪಾದ ಉಳಿಯುತ್ತಿರಲಿಲ್ಲ ಎಂದರು ಅಲ್ಲಿಯವರು. ಆಸ್ಪತ್ರೆಯ ಹನ್ನೊಂದು ದಿನವೂ ನಮ್ಮ ಮನೆಯಲ್ಲಿ ಒಲೆ ಹಚ್ಚಿದ್ದು, ಮಾವನಿಗೆ ಬಡಿಸಿದ್ದು ಕಾಕು. ಕ್ಯಾಲೆಂಡರಿನ ಚೌಕಗಳಲ್ಲಿ ಅವರ ವಕ್ರ ಅಕ್ಷರದಲ್ಲಿ ಹಾಲಿನ ಲೆಕ್ಕವೂ ಇತ್ತು.

ನಮ್ಮವರು ಗುಳಿಗೆ ಶುರು ಮಾಡಿದರು, ಬಿಡಲಿಲ್ಲ. ಆದರೆ ತಪ್ಪಾಯಿತು ಎಂದು ಕಾಕುವಿಗೆ ಹೇಳಲೂ ಇಲ್ಲ. ಆ ಮಾತೇ ಮನೆಯಲ್ಲಿ ಎತ್ತುವಂತಿರಲಿಲ್ಲ. ಆ ಕಾಲನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಬೇಸಿಗೆಯಲ್ಲೂ ಕಾಲುಚೀಲ. ಕಾಕು ಅದನ್ನು ಮನಸ್ಸಿಗೆ ಹಚ್ಚಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಒಮ್ಮೆ ನಾನೇ ಕ್ಷಮೆ ಕೇಳಹೋದರೆ, “ಹೆಸರ ಮಾಡಿದ ತಪ್ಪಿಗೆ ನೀ ಯಾಕ ಅಳ್ತಿ?” ಎಂದು ಬೈದರು.

ಹೋದ ವರ್ಷ ಮಳೆಗಾಲ ಮುಗಿಯುವಾಗ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಕಾಕು ಏಳಲಿಲ್ಲ. ಚಹಾಕ್ಕೆ ಕರೆಯಲು ಹೋದವಳು ನಾನೇ.

ಹದಿಮೂರನೆಯ ದಿನ ಅವರ ಅಂಗಳದಲ್ಲಿ ಪಂಕ್ತಿಗೆ ಕಾಯುತ್ತ ಗಂಡಸರು ಜಮಖಾನೆಯ ಮೇಲೆ ಕುಳಿತಿದ್ದರು. ನಾನು ನೀರಿನ ತಂಬಿಗೆ ಇಡುತ್ತಿದ್ದೆ. ಕಾಗವಾಡದ ಕಡೆಯಿಂದ ಬಂದಿದ್ದ ಒಬ್ಬ ನೆಂಟರು ತಮ್ಮ ಸಕ್ಕರೆ ಕಾಯಿಲೆಯ ಕಥೆ ಹೇಳುತ್ತ, “ನಾ ಈಗ ಗುಳಿಗಿ ಬಿಟ್ಟೀನ್ರಿ. ಹೊನ್ನಿ ಕಟ್ಟಿಗಿ ನೀರ ಕುಡ್ಯಾಕತ್ತೀನಿ, ಭಾಳ ಚಲೋ ಐತಿ” ಎಂದರು.

“ಯಾವ ಹೊನ್ನಿ?” ಎಂದರು ನಮ್ಮವರು.

“ಹೊನ್ನಿ ಅಂದ್ರ ಹೊನ್ನೀರೀ. ಅದರಾಗ ಯಾವ್ದು ಅಂತ ಇರತೈತೇನು?”

ನಮ್ಮವರು ಎಡಗಾಲನ್ನು ಮುಂದಕ್ಕೆ ಚಾಚಿದರು. ಅಷ್ಟು ಜನರ ನಡುವೆ ನಿಧಾನವಾಗಿ ಕಾಲುಚೀಲ ಎಳೆದು ತೆಗೆದರು. “ನಾನೂ ಹೊನ್ನಿ ಅಂದ್ರ ಒಂದ ಅಂತ ತಿಳಿದಿದ್ದೆ” ಎಂದರು. “ಈ ಮನೀ ಕಾಕು ಹೇಳಿದ್ಲು, ನಾ ಕೇಳಲಿಲ್ಲ. ಇತ್ತ ಸರೀರಿ, ಪೂರಾ ಹೇಳ್ತೀನಿ.”